ಡೈ, ರಕ್ತ, ಮೂತ್ರಪಿಂಡ: ಚಿತ್ರಣ ಪರೀಕ್ಷೆಗಳ ತೊಡಕುಗಳು ಮತ್ತು ಧಾರವಾಡದ ಹಳ್ಳಿಗಳು

ರೋಗ ಪತ್ತೆಗೆಂದು ರಕ್ತನಾಳಕ್ಕೆ ಸೇರಿಸುವ ಕಾಂಟ್ರಾಸ್ಟ್ ದ್ರವದಿಂದ ರಕ್ತದಲ್ಲಿ, ರಕ್ತಪರಿಚಲನೆಯಲ್ಲಿ, ಮೂತ್ರಪಿಂಡದಲ್ಲಿ ಆಗುವ ಬದಲಾವಣೆಗಳನ್ನೂ ತೊಂದರೆಗಳನ್ನೂ ಕುರಿತ ಸಂಶೋಧನೆ ಸುಮಾರು ನೂರು ವರ್ಷ ಹಳೆಯದು. ಆಸ್ಪತ್ರೆಯ ಭಾಷೆಯಲ್ಲಿ ಕಾಂಟ್ರಾಸ್ಟ್ ಎನ್ನುವುದು ರೋಗಿಯ ಬಾಯಲ್ಲಿ ‘ಡೈ’. ‘ಡೈ ಹಾಕಿ ಸ್ಕ್ಯಾನಿಂಗ್ ಮಾಡಸ್ರಿ ಅಂದಾರ’ ಎಂದು ಚೀಟಿ ಹಿಡಿದು ಬಂದವರು ಅದನ್ನು ಯಾವುದೋ ಬಣ್ಣವೆಂದು ತಿಳಿದಿರುತ್ತಾರೆ. ಅದಕ್ಕೆ ಬಣ್ಣವಿಲ್ಲ. ನೀರಿನಂತೆ ತಿಳಿಯಾದ, ಬೆರಳಿಗೆ ಅಂಟುವ, ನೀರಿಗಿಂತ ಭಾರದ ದ್ರವ ಅದು. ಅದರೊಳಗಿನ ಅಯೋಡಿನ್ ಕ್ಷ-ಕಿರಣವನ್ನು ತಡೆಯುವುದರಿಂದ ರಕ್ತ ಹರಿದಲ್ಲೆಲ್ಲ ಚಿತ್ರದಲ್ಲಿ ಬಿಳಿ ಮೂಡುತ್ತದೆ.

ಧಾರವಾಡ ಜಿಲ್ಲೆಯ ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿ ತಾಲ್ಲೂಕುಗಳ ಹಳ್ಳಿಗಳಿಂದ ಇಂಥ ಪರೀಕ್ಷೆಗೆ ಹೊರಟವರು ಸಾಮಾನ್ಯವಾಗಿ ಹುಬ್ಬಳ್ಳಿ ಅಥವಾ ಧಾರವಾಡದ ಬಸ್ಸು ಹಿಡಿಯುತ್ತಾರೆ. ಹುಬ್ಬಳ್ಳಿಯಲ್ಲಿ 1957ರಲ್ಲಿ ಆರಂಭವಾದ ಸರ್ಕಾರಿ ವೈದ್ಯಕೀಯ ಕಾಲೇಜು ಮುಂದೆ ಕಿಮ್ಸ್ ಆಯಿತು. ಈಗ ಅದರ ಹೆಸರು ಕರ್ನಾಟಕ ವೈದ್ಯಕೀಯ ಕಾಲೇಜು ಮತ್ತು ಸಂಶೋಧನಾ ಸಂಸ್ಥೆ ಎಂದಾಗಿದ್ದರೂ ಜನ ಇನ್ನೂ ಕಿಮ್ಸ್ ಎಂದೇ ಕರೆಯುತ್ತಾರೆ. ಅವಳಿ ನಗರಗಳ ನಡುವಿನ ಸತ್ತೂರಿನಲ್ಲಿ 2003ರಿಂದ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ವೈದ್ಯಕೀಯ ಕಾಲೇಜಿದೆ. ಧಾರವಾಡದಲ್ಲಿ ಜಿಲ್ಲಾ ಆಸ್ಪತ್ರೆಯಿದೆ. ಕುಂದಗೋಳದಿಂದ ಹುಬ್ಬಳ್ಳಿಗೆ ಸುಮಾರು 20 ಕಿ.ಮೀ., ಕಲಘಟಗಿಯಿಂದ ಸುಮಾರು 30, ಅಣ್ಣಿಗೇರಿ ಮತ್ತು ನವಲಗುಂದಗಳಿಂದ ಸುಮಾರು 35ರಿಂದ 40. ಇದು ತಾಲ್ಲೂಕು ಕೇಂದ್ರಗಳ ಲೆಕ್ಕ. ಹಳ್ಳಿಯಿಂದ ತಾಲ್ಲೂಕಿಗೆ ಬರುವ ದಾರಿ ಬೇರೆ. ಮಳೆಗಾಲದಲ್ಲಿ ಬೆಣ್ಣಿಹಳ್ಳ ಉಕ್ಕಿದರೆ ನವಲಗುಂದ ಸೀಮೆಯ ಎಷ್ಟೋ ಊರುಗಳಿಗೆ ಆ ದಾರಿಯೂ ಮುಚ್ಚುತ್ತದೆ.

ಈ ದೂರಕ್ಕೂ ಡೈಗೂ ಹತ್ತಿರದ ಸಂಬಂಧವಿದೆ. ಡೈ ರಕ್ತದಲ್ಲಿ ಮಾಡುವ ಮೊದಲ ಬದಲಾವಣೆಗಳು ನಿಮಿಷಗಳಲ್ಲಿ ಮುಗಿಯುತ್ತವೆ, ಅವು ಆಸ್ಪತ್ರೆಯವರ ಕಣ್ಣೆದುರೇ ಆಗುತ್ತವೆ. ಮೂತ್ರಪಿಂಡಕ್ಕೆ ಪೆಟ್ಟು ಬಿದ್ದಿದ್ದರೆ ಅದು ಗೊತ್ತಾಗುವುದು ಎರಡನೆಯ, ಮೂರನೆಯ ದಿನ. ಅಷ್ಟೊತ್ತಿಗೆ ರೋಗಿ ಊರು ಸೇರಿ ಹೊಲಕ್ಕೆ ಹೋಗಿ ಬಂದಿರುತ್ತಾನೆ.

ಡೈ ಬಂದ ಬಗೆ

ರಾಂಟ್‌ಗೆನ್ ಕ್ಷ-ಕಿರಣವನ್ನು ಗುರುತಿಸಿದ್ದು 1895ರ ನವೆಂಬರಿನಲ್ಲಿ. ಮರು ಜನವರಿಯಲ್ಲೇ ವಿಯೆನ್ನಾದ ಹಾಷೆಕ್ ಮತ್ತು ಲಿಂಡೆಂಥಾಲ್ ಶವದ ಕೈಯೊಂದರ ರಕ್ತನಾಳಗಳಿಗೆ ಸುಣ್ಣ, ಪಾದರಸದ ಸಂಯುಕ್ತ ಮತ್ತು ಪೆಟ್ರೋಲಿಯಂ ಬೆರೆಸಿದ ಮಿಶ್ರಣ ತುಂಬಿ ಚಿತ್ರ ತೆಗೆದರು. ನಾಳಗಳ ಕವಲು ಬೆರಳ ತುದಿಯವರೆಗೂ ಕಂಡಿತು. ಬದುಕಿರುವವರ ಮೈಗೆ ಅದನ್ನು ಹಾಕುವಂತಿರಲಿಲ್ಲ.

ಮುಂದಿನ ಹೆಜ್ಜೆ ಬೇರೊಂದು ರೋಗದ ಚಿಕಿತ್ಸೆಯಿಂದ ಬಂತು. ಅಮೆರಿಕದ ಮೇಯೊ ಕ್ಲಿನಿಕ್ಕಿನಲ್ಲಿ ಸಿಫಿಲಿಸ್ ರೋಗಿಗಳಿಗೆ ಸೋಡಿಯಂ ಅಯೋಡೈಡ್ ಕೊಡುತ್ತಿದ್ದಾಗ ಅವರ ಮೂತ್ರಕೋಶ ಕ್ಷ-ಕಿರಣದಲ್ಲಿ ಬೆಳ್ಳಗೆ ಕಾಣುತ್ತಿರುವುದನ್ನು ಆಸ್ಬೋರ್ನ್ ಮತ್ತು ಸಂಗಡಿಗರು ಗಮನಿಸಿ 1923ರಲ್ಲಿ ವರದಿ ಮಾಡಿದರು. 1929ರಲ್ಲಿ ಮೋಸೆಸ್ ಸ್ವಿಕ್ ಬರ್ಲಿನ್ನಿನಲ್ಲಿ ಯೂರೋಸೆಲೆಕ್ಟಾನ್ ಎಂಬ ಅಯೋಡಿನ್ ಸಂಯುಕ್ತವನ್ನು ರಕ್ತನಾಳದ ಮೂಲಕ ಕೊಟ್ಟು ಮೂತ್ರಪಿಂಡಗಳ ಚಿತ್ರ ಪಡೆದರು. ಅದೇ ವರ್ಷ ಜರ್ಮನಿಯ ಎಬರ್ಸ್‌ವಾಲ್ಡೆಯ ಕಿರಿಯ ವೈದ್ಯ ವೆರ್ನರ್ ಫೋರ್ಸ್‌ಮನ್ ತನ್ನ ಮೊಣಕೈಯ ರಕ್ತನಾಳದಲ್ಲಿ ತಾನೇ ಕೊಳವೆ ತೂರಿಸಿ, ಕ್ಷ-ಕಿರಣದ ಕೋಣೆಗೆ ನಡೆದು ಹೋಗಿ, ಅದರ ತುದಿ ಹೃದಯ ತಲುಪಿದ್ದನ್ನು ಚಿತ್ರದಲ್ಲಿ ತೋರಿಸಿದ. ಇಂದು ಆಂಜಿಯೋಗ್ರಾಮ್ ಎನ್ನುವ ಪರೀಕ್ಷೆಯ ಬೇರು ಅಲ್ಲಿದೆ. ಆ ಸಾಹಸಕ್ಕೆ 1956ರಲ್ಲಿ, ಕೂರ್ನಾಂಡ್ ಮತ್ತು ರಿಚರ್ಡ್ಸ್ ಜೊತೆಗೆ, ನೊಬೆಲ್ ಬಂತು. ಸೂಜಿಯಿಂದ ನಾಳ ಚುಚ್ಚಿ, ಸೂಜಿಯೊಳಗಿಂದ ತಂತಿ ಬಿಟ್ಟು, ಆ ತಂತಿಯ ಮೇಲೆ ಕೊಳವೆ ಜಾರಿಸುವ ಸರಳ ಉಪಾಯವನ್ನು ಸ್ವೀಡನ್ನಿನ ಸೆಲ್ಡಿಂಗರ್ 1953ರಲ್ಲಿ ಪ್ರಕಟಿಸಿದರು.

ಇದೇ ಕಾಲದ ಒಂದು ಕಹಿ ಅಧ್ಯಾಯ ಥೊರೊಟ್ರಾಸ್ಟ್. ಥೋರಿಯಂ ಡೈಆಕ್ಸೈಡಿನ ಈ ದ್ರವ ಚೆನ್ನಾದ ಚಿತ್ರ ಕೊಡುತ್ತಿತ್ತು, ಕೊಟ್ಟ ಹೊತ್ತಿಗೆ ಯಾವ ತೊಂದರೆಯನ್ನೂ ಮಾಡುತ್ತಿರಲಿಲ್ಲ. ಆದರೆ ಅದು ದೇಹ ಬಿಟ್ಟು ಹೋಗುತ್ತಿರಲಿಲ್ಲ. ಯಕೃತ್ತಿನಲ್ಲೂ ಗುಲ್ಮದಲ್ಲೂ ಕೂತು ವಿಕಿರಣ ಸೂಸುತ್ತ, ಇಪ್ಪತ್ತು ಮೂವತ್ತು ವರ್ಷಗಳ ಮೇಲೆ ಯಕೃತ್ತಿನ ಕ್ಯಾನ್ಸರಿಗೆ ದಾರಿ ಮಾಡಿತು. 1930ರಿಂದ 1950ರ ದಶಕದವರೆಗೆ ಬಳಕೆಯಲ್ಲಿದ್ದ ಈ ದ್ರವದ ಲೆಕ್ಕ ತೀರಿಸಲು ಸಂಶೋಧಕರಿಗೆ ಅರ್ಧ ಶತಮಾನ ಹಿಡಿಯಿತು. ರೋಗಿಯನ್ನು ಎಷ್ಟು ದಿನ ಗಮನಿಸಬೇಕು ಎಂಬ ಪ್ರಶ್ನೆ ಈ ಕ್ಷೇತ್ರದಲ್ಲಿ ಇಷ್ಟು ಭಾರವಾಗಿರುವುದಕ್ಕೆ ಥೊರೊಟ್ರಾಸ್ಟೇ ಕಾರಣವೆಂದು ನನ್ನ ಎಣಿಕೆ.

1950ರ ದಶಕದಲ್ಲಿ ಬಂದ ಡಯಾಟ್ರಿಜೋಯೇಟ್ ಮೊದಲಾದ ಅಯೋಡಿನ್ ಲವಣಗಳು ಬಹುಕಾಲ ಆಳಿದವು. ಅವುಗಳ ದೋಷ ಸಾಂದ್ರತೆ. ಮಾವಿನಕಾಯಿ ಹೋಳಿಗೆ ಉಪ್ಪು ಹಚ್ಚಿ ಭರಣಿಯಲ್ಲಿಟ್ಟರೆ ಮುಂಜಾನೆಗೆ ಹೋಳು ಮುದುಡಿ ನೀರು ಬಿಟ್ಟಿರುತ್ತದಲ್ಲ, ರಕ್ತದಲ್ಲೂ ಹಾಗೇ ಆಗುತ್ತದೆ. ರಕ್ತದ ಸಾಂದ್ರತೆ ಕಿಲೋಗ್ರಾಮಿಗೆ ಸುಮಾರು 290 ಮಿಲಿಆಸ್ಮೋಲ್. ಹಳೆಯ ಡೈಗಳದ್ದು 1500, ಕೆಲವದ್ದು ಅದಕ್ಕೂ ಹೆಚ್ಚು. ಇದನ್ನು ತಗ್ಗಿಸುವ ಯೋಚನೆ ಸ್ವೀಡನ್ನಿನ ವಿಕಿರಣತಜ್ಞ ಟಾರ್‌ಸ್ಟನ್ ಆಲ್ಮೆನ್ ಅವರದ್ದು. ಉಪ್ಪು ಹೆಚ್ಚಿರುವ ಕಡಲಲ್ಲಿ ಕಣ್ಣು ತೆರೆದು ಈಜಿದರೆ ಉರಿ, ಉಪ್ಪು ಕಡಿಮೆಯಿರುವ ನೀರಿನಲ್ಲಿ ಅಷ್ಟು ಉರಿಯಿಲ್ಲ. ಡೈ ಚುಚ್ಚಿದಾಗ ರೋಗಿಗಳು ನೋವಿನಿಂದ ಮುಖ ಕಿವುಚುವುದನ್ನು ನೋಡಿದ್ದ ಅವರಿಗೆ ಎರಡೂ ಒಂದೇ ಎಂದು ಹೊಳೆಯಿತು. ಲವಣವಲ್ಲದ, ನೀರಿನಲ್ಲಿ ಎರಡಾಗಿ ಒಡೆಯದ ಅಯೋಡಿನ್ ಅಣುವಿನ ಕಲ್ಪನೆಯನ್ನು 1969ರಲ್ಲಿ ಅವರು ಮಂಡಿಸಿದರು. ಅದರ ಫಲವಾಗಿ ಬಂದ ಅಯೋಹೆಕ್ಸಾಲ್ ಜಾತಿಯ ಡೈಗಳೇ ಇಂದು ಎಲ್ಲೆಡೆ ಬಳಕೆಯಲ್ಲಿವೆ. ಇವುಗಳ ಸಾಂದ್ರತೆ 600ರಿಂದ 850ರ ಸುತ್ತ. ಅಯೋಡಿಕ್ಸನಾಲ್ ಒಂದೇ ರಕ್ತಕ್ಕೆ ಸಮ, 290.

ಮೇಜಿನ ಮೇಲೆ ಮಲಗಿದವರ ರಕ್ತದಲ್ಲಿ

ಹೊಟ್ಟೆಯ ಸಿ.ಟಿ. ಎಂದಿಟ್ಟುಕೊಳ್ಳಿ. ಮೊಣಕೈ ಮಡಿಕೆಯಲ್ಲಿ ಸೂಜಿ ಹಾಕಿ ಪಟ್ಟಿ ಹಚ್ಚಿರುತ್ತಾರೆ. ಯಂತ್ರದ ಸಿರಿಂಜಿನಿಂದ ಸೆಕೆಂಡಿಗೆ ಮೂರು ಮಿಲಿಲೀಟರಿನಂತೆ 80ರಿಂದ 100 ಮಿಲಿಲೀಟರ್ ಡೈ ಅರ್ಧ ನಿಮಿಷದಲ್ಲಿ ಒಳಗೆ ಹೋಗುತ್ತದೆ. ಗಂಟಲಿನಲ್ಲಿ ಲೋಹದ ರುಚಿ, ಎದೆಯಲ್ಲಿ ಕಾವು, ಆ ಕಾವು ಹೊಟ್ಟೆಗೆ ಇಳಿದು ಕಿಬ್ಬೊಟ್ಟೆಯಲ್ಲಿ ನಿಲ್ಲುತ್ತದೆ. ‘ಮೈಯೆಲ್ಲ ಬಿಸಿ ಆತ್ರಿ, ಒಂದಕ್ಕ ಹೋಗಿಬಿಟ್ಟೆ ಅನಿಸ್ತು’ ಎಂದು ಮೇಜಿನಿಂದ ಇಳಿದ ಮೇಲೆ ಹೆಂಗಸರು ಸೀರೆ ಮುಟ್ಟಿ ನೋಡಿಕೊಳ್ಳುತ್ತಾರೆ. ಸೀರೆ ಒಣಗಿಯೇ ಇರುತ್ತದೆ. ಸಾಂದ್ರ ದ್ರವ ತಾಗಿ ನಾಳಗಳ ಗೋಡೆ ಸಡಿಲಗೊಂಡು, ಚರ್ಮಕ್ಕೂ ಕಿಬ್ಬೊಟ್ಟೆಗೂ ಬಿಸಿ ರಕ್ತ ನುಗ್ಗಿದ್ದರಿಂದ ಹಾಗೆ ಅನ್ನಿಸುತ್ತದೆ. ಇದನ್ನು ಮುಂಚೆಯೇ ಒಂದು ಮಾತಿನಲ್ಲಿ ಹೇಳಿದ್ದರೆ ಎಷ್ಟೋ ಹೆದರಿಕೆ ತಪ್ಪುತ್ತದೆ. ಹೆದರಿಕೆ ತಪ್ಪಿಸುವುದು ಬರಿಯ ಸೌಜನ್ಯದ ಮಾತಲ್ಲ, ಅದು ರಕ್ತದೊತ್ತಡಕ್ಕೂ ಸಂಬಂಧಿಸಿದ್ದು. ಕಾರಣವನ್ನು ಕೆಳಗೆ ನೋಡೋಣ.

ನಾಳ ಸಡಿಲವಾದಾಗ ರಕ್ತದೊತ್ತಡ ತುಸು ಇಳಿಯುತ್ತದೆ, ಹೃದಯ ಬಿರುಸಾಗಿ ಬಡಿದು ಅದನ್ನು ಸರಿದೂಗಿಸುತ್ತದೆ. ಅದೇ ಹೊತ್ತಿಗೆ ಡೈ ಸುತ್ತಲಿನ ಅಂಗಾಂಶದಿಂದ ನೀರನ್ನು ಎಳೆದುಕೊಂಡು ರಕ್ತದ ಪ್ರಮಾಣ ಹಿಗ್ಗಿಸುತ್ತದೆ. ಗಟ್ಟಿಮುಟ್ಟಾದ ಹೃದಯಕ್ಕೆ ಇದು ಲೆಕ್ಕಕ್ಕಿಲ್ಲ. ಮೊದಲೇ ಸೋತ ಹೃದಯಕ್ಕೆ ಈ ಹೆಚ್ಚಿನ ಹೊರೆಯಿಂದ ಪುಪ್ಪುಸದಲ್ಲಿ ನೀರು ತುಂಬಿಕೊಳ್ಳಬಹುದು. ಕೆಂಪು ರಕ್ತಕಣಗಳೂ ನೀರು ಕಳೆದುಕೊಂಡು ಕುಗ್ಗುತ್ತವೆ. ತನಗಿಂತ ಸಪೂರವಾದ ನಾಳದಲ್ಲಿ ಮಡಿಚಿಕೊಂಡು ನುಸುಳುವುದು ಕೆಂಪುಕಣದ ಗುಣ. ಕುಗ್ಗಿ ಬಿಗಿಯಾದ ಕಣಕ್ಕೆ ಆ ಬಳುಕು ಕಡಿಮೆ. ಸಾಂದ್ರತೆ ತಗ್ಗಿದ ಹೊಸ ಡೈಗಳಲ್ಲಿ ಈ ಎಲ್ಲ ಪರಿಣಾಮಗಳೂ ತಗ್ಗಿವೆ, ಪೂರ್ತಿ ಹೋಗಿಲ್ಲ.

ಇನ್ನು ಒಗ್ಗದಿರುವಿಕೆ. ಕೆಲವರ ಮೈಯಲ್ಲಿ ಡೈ ತಾಗಿದೊಡನೆ ಹಿಸ್ಟಮಿನ್ ಬಿಡುಗಡೆಯಾಗಿ ತುರಿಕೆ, ದದ್ದು, ಸೀನು ಬರುತ್ತವೆ. ವಿರಳವಾಗಿ ಗಂಟಲು ಬಾತು ಉಸಿರು ಕಟ್ಟಿ ಒತ್ತಡ ಕುಸಿಯುತ್ತದೆ. ಇದರ ಅಳತೆಗೆ ಇಂದಿಗೂ ಎಲ್ಲರೂ ನೆನೆಯುವುದು ಜಪಾನಿನ ಕತಾಯಾಮ ಮತ್ತು ಸಂಗಡಿಗರು 1990ರಲ್ಲಿ ಪ್ರಕಟಿಸಿದ 3,37,647 ಪ್ರಸಂಗಗಳ ಅಧ್ಯಯನ. ಹಳೆಯ ಲವಣ ಜಾತಿಯ ಡೈ ಪಡೆದವರಲ್ಲಿ ನೂರಕ್ಕೆ 12.66 ಮಂದಿಗೆ ಏನಾದರೊಂದು ಪ್ರತಿಕ್ರಿಯೆಯಾಗಿತ್ತು, ಹೊಸ ಜಾತಿಯದರಲ್ಲಿ 3.13. ತೀವ್ರ ಪ್ರತಿಕ್ರಿಯೆ 0.22ರಿಂದ 0.04ಕ್ಕೆ ಇಳಿದಿತ್ತು. ಅಗ್ಗವೆಂದು ಹಳೆಯ ಡೈಗೆ ಅಂಟಿಕೊಂಡಿದ್ದವರ ವಾದವನ್ನು ಮುರಿದದ್ದು ಈ ಅಂಕಿಗಳು.

ಒತ್ತಡ ಕುಸಿದಾಗ ನಾಡಿ ಹಿಡಿದು ನೋಡುವುದು ಮುಖ್ಯ. ನಾಡಿ ಓಡುತ್ತಿದ್ದರೆ ಅದು ಅಲರ್ಜಿಯ ಕುಸಿತ. ತೊಡೆಯ ಸ್ನಾಯುವಿಗೆ ಅರ್ಧ ಮಿಲಿಗ್ರಾಂ ಅಡ್ರಿನಲಿನ್ ತಡಮಾಡದೆ ಚುಚ್ಚಬೇಕು. ನಾಡಿ ನಿಧಾನವಾಗಿ ಮೈ ತಣ್ಣಗೆ ಬೆವರಿದ್ದರೆ ಅದು ಹೆದರಿಕೆ, ನೋವು, ಹಸಿವು ಕೂಡಿ ವೇಗಸ್ ನರ ಕೆರಳಿ ಆದ ಕುಸಿತ. ಕಾಲು ಮೇಲೆತ್ತಿ ಸಲೈನ್ ಹಚ್ಚಿದರೆ ಬಹಳ ಮಂದಿ ಸುಧಾರಿಸುತ್ತಾರೆ, ಆಗದಿದ್ದರೆ ಅಟ್ರೋಪಿನ್. ಎರಡೂ ನೋಡಲು ಒಂದೇ ಥರ, ಚಿಕಿತ್ಸೆ ಬೇರೆ. ರಾತ್ರಿಯಿಂದ ಏನೂ ತಿನ್ನದೆ, ಮೊದಲ ಬಸ್ಸಿಗೆ ನಿಂತು ಬಂದು, ಯಂತ್ರದ ಬಾಯಿ ಕಂಡು ಗಾಬರಿಯಾದವರಲ್ಲಿ ಎರಡನೆಯದಕ್ಕೆ ನೆಲ ಹದವಾಗಿಯೇ ಇರುತ್ತದೆ.

ಕೆಲವು ಹಳೆಯ ನಂಬಿಕೆಗಳನ್ನು ಸಂಶೋಧನೆ ಬಿಡಿಸಿದೆ. ಒಂದೆರಡು ಹನಿ ಡೈ ಕೊಟ್ಟು ‘ಟೆಸ್ಟ್ ಡೋಸ್’ ನೋಡಿದರೆ ಮುಂದಿನ ತೀವ್ರ ಪ್ರತಿಕ್ರಿಯೆ ಗೊತ್ತಾಗುವುದಿಲ್ಲ. ಒಗ್ಗದವರಿಗೆ ಆ ಹನಿಯೇ ಸಾಕಾಗಬಹುದು. ಮೀನು, ಸೀಗಡಿ ಆಗದವರಿಗೆ ಅಯೋಡಿನ್ ಡೈ ಆಗದು ಎಂಬುದೂ ತಪ್ಪು, ಬೇರೆ ಅಲರ್ಜಿಗಳಿಗಿಂತ ಅದಕ್ಕೆ ವಿಶೇಷ ಮಹತ್ವವಿಲ್ಲ. ನಿಜವಾಗಿ ಕೇಳಬೇಕಾದ ಪ್ರಶ್ನೆ, ಹಿಂದೆ ಡೈ ಹಾಕಿದಾಗ ತೊಂದರೆಯಾಗಿತ್ತೇ ಎಂಬುದು. ಆಗಿದ್ದವರಿಗೆ ಮತ್ತೆ ಆಗುವ ಸಂಭವ ಐದಾರು ಪಟ್ಟು. ಹೆಚ್ಚಿನ ತೀವ್ರ ಪ್ರತಿಕ್ರಿಯೆಗಳು ಮೊದಲ 20 ನಿಮಿಷದೊಳಗೇ ಬರುವುದರಿಂದ ಅರ್ಧ ಗಂಟೆ ಕೂರಿಸುವ ಪದ್ಧತಿ. ಚರ್ಮದ ತಡವಾದ ದದ್ದು ಮಾತ್ರ ಒಂದು ಗಂಟೆಯಿಂದ ಒಂದು ವಾರದವರೆಗೆ ಯಾವಾಗಲಾದರೂ ಬರಬಹುದು. ಅದನ್ನು ಊರಿನಲ್ಲಿ ತಿಂದದ್ದು ಆಗಿಬಂದಿಲ್ಲವೆಂದೋ ಸೆಕೆಯ ಬೊಕ್ಕೆಯೆಂದೋ ತಿಳಿಯುವುದು ಸಹಜ.

ಸೂಜಿ ಜರುಗಿ ಡೈ ನಾಳದ ಹೊರಗೆ ಚರ್ಮದಡಿ ಹರಿದರೆ ತೋಳು ಬಾತುಕೊಳ್ಳುತ್ತದೆ. ಬಹುಪಾಲು ತಾನೇ ಇಳಿಯುತ್ತದೆ. ಬೆರಳು ಮರಗಟ್ಟಿದರೆ, ಚರ್ಮ ಬೊಬ್ಬೆಯೆದ್ದರೆ ಶಸ್ತ್ರವೈದ್ಯರಿಗೆ ತೋರಿಸಬೇಕು. ಆಂಜಿಯೋಗ್ರಾಮ್‌ನಲ್ಲಿ ಚುಚ್ಚಿದ ಜಾಗದಲ್ಲಿ ರಕ್ತ ಸೋರಿ ಗಡ್ಡೆಕಟ್ಟುವುದು ಇನ್ನೊಂದು ತೊಡಕು. ತೊಡೆಸಂದಿನ ಬದಲು ಮುಂಗೈ ನಾಳದಿಂದ ಹೋಗುವ ರೂಢಿ ಬಂದ ಮೇಲೆ ಅದು ಕಡಿಮೆಯಾಗಿದೆ.

ಕಾಲುವೆಯ ಬಾಲದ ಹೊಲ

ಮೂತ್ರಪಿಂಡದ ಮಾತಿಗೆ ಬಂದರೆ ನವಲಗುಂದದ ರೈತನಿಗೆ ವಿವರಿಸುವುದು ಸುಲಭ. ನವಿಲುತೀರ್ಥದಿಂದ ಹೊರಟ ಮಲಪ್ರಭೆಯ ಬಲದಂಡೆ ಕಾಲುವೆಯ ನೀರು ಮೇಲಿನ ಹೊಲಗಳಿಗೆ ಹರಿದು ಬಾಲಕ್ಕೆ ಬರುವ ಹೊತ್ತಿಗೆ ಎಷ್ಟು ಉಳಿಯುತ್ತದೆ ಎಂಬುದು ಅವನಿಗೆ ಗೊತ್ತು. ಮೂತ್ರಪಿಂಡವೂ ಹಾಗೇ. ಹೃದಯ ಹೊರದಬ್ಬುವ ರಕ್ತದಲ್ಲಿ ಐದರಲ್ಲೊಂದು ಪಾಲು ಮೂತ್ರಪಿಂಡಗಳಿಗೆ ಹೋಗುತ್ತದೆ. ಅದರಲ್ಲಿ ಬಹುಪಾಲು ಹೊರಪದರಕ್ಕೆ. ಒಳಪದರಕ್ಕೆ ಸಿಗುವುದು ಅಳಿದುಳಿದದ್ದು. ಅಲ್ಲಿನ ಆಮ್ಲಜನಕದ ಒತ್ತಡ 10ರಿಂದ 20 ಮಿಲಿಮೀಟರ್, ಹೊರಪದರದಲ್ಲಿ 50ರ ಸುತ್ತ. ಆದರೆ ಉಪ್ಪನ್ನು ಮರಳಿ ಹೀರುವ ಭಾರಿ ಕೆಲಸ ಅದೇ ಒಳಪದರದಲ್ಲೂ ನಡೆಯುತ್ತದೆ. ಬಾಲದ ಹೊಲದಲ್ಲಿ ಕಬ್ಬು ಹಾಕಿದಂತೆ.

ಡೈ ಬಂದಾಗ ಮೂತ್ರಪಿಂಡದ ನಾಳಗಳು ಕ್ಷಣಕಾಲ ಹಿಗ್ಗಿ ಆಮೇಲೆ ಬಹಳ ಹೊತ್ತು ಬಿಗಿಯುತ್ತವೆ. ಸೋಸಿ ಬಂದ ಡೈ ಸಪೂರ ಕೊಳವೆಗಳಲ್ಲಿ ದಪ್ಪಗಾಗಿ ನಿಧಾನ ಸಾಗುತ್ತದೆ, ಗೋಡೆಯ ಜೀವಕೋಶಗಳನ್ನೂ ನೇರವಾಗಿ ಕೆರಳಿಸುತ್ತದೆ. ಒಳಪದರ ಇನ್ನಷ್ಟು ಬತ್ತುತ್ತದೆ. ಮೈಯಲ್ಲಿ ನೀರು ಸಾಕಷ್ಟಿದ್ದರೆ ಡೈ ತೆಳುವಾಗಿ ಬೇಗ ಹೊರಗೆ ಹೋಗುತ್ತದೆ. ಆರೋಗ್ಯವಂತರಲ್ಲಿ ಸುಮಾರು ಎರಡು ಗಂಟೆಗೆ ಅರ್ಧ, ದಿನವೊಂದರಲ್ಲಿ ಹೆಚ್ಚುಕಡಿಮೆ ಎಲ್ಲ. ನೀರು ಕಡಿಮೆಯಿದ್ದರೆ ಅಲ್ಲೇ ನಿಲ್ಲುತ್ತದೆ. ಇದಕ್ಕೆ ಮತ್ತೊಂದು ಸಂಗತಿ ಸೇರುತ್ತದೆ. ಒಳಪದರದ ನಾಳಗಳನ್ನು ತೆರೆದಿಡುವುದು ಪ್ರೊಸ್ಟಾಗ್ಲಾಂಡಿನ್ ಎಂಬ ವಸ್ತು. ಡೈಕ್ಲೋಫೆನಾಕ್, ಐಬುಪ್ರೊಫೆನ್ ಮೊದಲಾದ ನೋವಿನ ಗುಳಿಗೆಗಳು ಅದರ ಉತ್ಪತ್ತಿಯನ್ನೇ ನಿಲ್ಲಿಸುತ್ತವೆ. ಹತ್ತಿ ಬಿಡಿಸಿ, ಮೆಣಸಿನಕಾಯಿ ಹರಿದು, ಸೊಂಟ ಹಿಡಿದು ‘ಕೈಕಾಲು ಬ್ಯಾನಿ ಗುಳಿಗಿ’ಯನ್ನು ಅಂಗಡಿಯಿಂದ ದಿನಾ ತಂದು ನುಂಗುವ ಹೆಣ್ಣಾಳಿನ ಮೂತ್ರಪಿಂಡ ಡೈ ಬರುವ ಮುಂಚೆಯೇ ಅರ್ಧ ಬಿಗಿದಿರುತ್ತದೆ. ಚೀಟಿಯಲ್ಲಿ ಈ ಗುಳಿಗೆಯ ಹೆಸರು ಇರುವುದಿಲ್ಲ, ಯಾರೂ ಬರೆದುಕೊಟ್ಟ ಔಷಧ ಅದಲ್ಲ. ಕೇಳಿದರಷ್ಟೇ ಬಾಯಿಗೆ ಬರುತ್ತದೆ.

ಡೈಯಿಂದ ಮೂತ್ರಪಿಂಡ ಕೆಟ್ಟ ಮೊದಲ ವರದಿಗಳಲ್ಲೊಂದು 1954ರದ್ದು. ಮೈಲೋಮಾ ಎಂಬ ಮಜ್ಜೆಯ ಕ್ಯಾನ್ಸರ್ ಇದ್ದ ರೋಗಿಯಲ್ಲಿ ಮೂತ್ರವೇ ನಿಂತುಹೋಗಿತ್ತು. ಮುಂದೆ ಇದಕ್ಕೊಂದು ಅಳತೆ ಬಂತು: ಡೈ ಕೊಟ್ಟ 48ರಿಂದ 72 ಗಂಟೆಯೊಳಗೆ, ಮೂತ್ರಪಿಂಡ ಸೋಸಿ ಹೊರಹಾಕಬೇಕಾದ ಕ್ರಿಯಾಟಿನಿನ್ ರಕ್ತದಲ್ಲಿ ನೂರಕ್ಕೆ 25ರಷ್ಟು ಅಥವಾ 0.5 ಮಿಲಿಗ್ರಾಂ ಏರಿದರೆ ಪೆಟ್ಟು ಬಿದ್ದಿದೆ ಎಂದು. ತಡೆಯುವ ಉಪಾಯಕ್ಕೆ ನಡೆದ ಹುಡುಕಾಟ ಈ ಕ್ಷೇತ್ರದ ದೊಡ್ಡ ಕಥೆ. 1994ರಲ್ಲಿ ಸಾಲಮನ್ ಮತ್ತು ಸಂಗಡಿಗರು ಬರಿಯ ಸಲೈನೇ ಮೇಲು, ಮೂತ್ರ ಹೆಚ್ಚಿಸುವ ಔಷಧ ಸೇರಿಸಿದರೆ ಲಾಭವಿಲ್ಲ ಎಂದು ತೋರಿಸಿದರು. 2000ದಲ್ಲಿ ಜರ್ಮನಿಯ ಟೆಪೆಲ್ ಮತ್ತು ಸಂಗಡಿಗರು ಕೇವಲ 83 ರೋಗಿಗಳ ಅಧ್ಯಯನದಲ್ಲಿ, ಕಫ ಕರಗಿಸುವ ಅಸಿಟೈಲ್‌ಸಿಸ್ಟೀನ್ ಮೂತ್ರಪಿಂಡವನ್ನು ಕಾಯುತ್ತದೆ ಎಂದರು. ಅಗ್ಗದ, ನಿರಪಾಯದ ಔಷಧ. ಜಗತ್ತಿನ ಆಸ್ಪತ್ರೆಗಳೆಲ್ಲ ಅದನ್ನು ಕೊಡತೊಡಗಿದವು. ಸುಮಾರು 5,000 ರೋಗಿಗಳ ಪ್ರಿಸರ್ವ್ ಅಧ್ಯಯನ 2018ರಲ್ಲಿ ಪ್ರಕಟವಾಗಿ, ಅಸಿಟೈಲ್‌ಸಿಸ್ಟೀನಿನಿಂದಲೂ ಸೋಡಾ ಬೈಕಾರ್ಬೊನೇಟಿನಿಂದಲೂ ಹೆಚ್ಚಿನ ಉಪಯೋಗವಿಲ್ಲವೆಂದು ಹೇಳುವವರೆಗೆ ಹದಿನೆಂಟು ವರ್ಷ ಅದು ನಡೆಯಿತು. ಇದರ ನಡುವೆ 2017ರಲ್ಲಿ ನೆದರ್ಲೆಂಡ್ಸಿನ ಮಾಸ್ಟ್ರಿಕ್ಟಿನ ಅಮಾಸಿಂಗ್ ಅಧ್ಯಯನ 660 ರೋಗಿಗಳಲ್ಲಿ, ಮಧ್ಯಮ ಮಟ್ಟದ ಮೂತ್ರಪಿಂಡ ದೌರ್ಬಲ್ಯವಿರುವವರಿಗೆ ಮುಂಜಾಗ್ರತೆಯ ಸಲೈನ್ ಕೊಟ್ಟರೂ ಬಿಟ್ಟರೂ ಫಲಿತಾಂಶ ಒಂದೇ ಎಂದು ಕಂಡಿತು. ಸಲೈನ್ ಪಡೆದವರಲ್ಲಿ ಕೆಲವರಿಗೆ ಹೃದಯದ ಮೇಲೆ ಭಾರ ಬಿದ್ದದ್ದೂ ಉಂಟು. ‘ಒಂದ್ ಸಲಾಯಿನ್ ಹಚ್ಚಿಬಿಡ್ರಿ, ಗಟ್ಟಿ ಆಕ್ಕೇನಿ’ ಎಂದು ಕೇಳುವ ರೂಢಿಯಿರುವ ನಮ್ಮ ಕಡೆಗೆ ಇದು ತಿಳಿದಿರಬೇಕಾದ ಸಂಗತಿ.

ಅಪಾಯವನ್ನೇ ದೊಡ್ಡದು ಮಾಡಿ ಹೇಳಲಾಗುತ್ತಿತ್ತೇ ಎಂಬ ಅನುಮಾನವೂ ಇದೇ ಕಾಲದಲ್ಲಿ ಬಲಿಯಿತು. ಡೈ ಪಡೆದವರನ್ನೂ ಡೈ ಇಲ್ಲದೆ ಸಿ.ಟಿ. ಮಾಡಿಸಿಕೊಂಡವರನ್ನೂ ಸರಿಸಮ ಜೋಡಿಸಿ 2013ರ ನಂತರ ಅಮೆರಿಕದಲ್ಲಿ ನಡೆದ ಅಧ್ಯಯನಗಳಲ್ಲಿ, ಕ್ರಿಯಾಟಿನಿನ್ ಏರಿಕೆ ಬಹುಪಾಲು ಎರಡೂ ಕಡೆ ಸಮನಾಗಿ ಕಂಡಿತು. ಮಲಗಿದ ರೋಗಿಯ ಮೂತ್ರಪಿಂಡ ಸೋಂಕಿನಿಂದಲೋ ಒತ್ತಡ ಇಳಿದೋ ಕೆಡುತ್ತಿತ್ತು, ಹೆಸರು ಡೈಗೆ ಬರುತ್ತಿತ್ತು. 2020ರಲ್ಲಿ ಅಮೆರಿಕದ ವಿಕಿರಣತಜ್ಞರ ಮತ್ತು ಮೂತ್ರಪಿಂಡ ತಜ್ಞರ ಸಂಸ್ಥೆಗಳು ಒಮ್ಮತದಿಂದ, ನಿಜವಾದ ಎಚ್ಚರಿಕೆ ಬೇಕಾದದ್ದು ಸೋಸುವ ಶಕ್ತಿ ನಿಮಿಷಕ್ಕೆ 30 ಮಿಲಿಲೀಟರಿಗಿಂತ ಕೆಳಗಿಳಿದವರಲ್ಲಿ ಮತ್ತು ಆಗಲೇ ಮೂತ್ರಪಿಂಡ ಕೆಡುತ್ತಿರುವವರಲ್ಲಿ ಎಂದವು. ಜೀವ ಉಳಿಸುವ ಪರೀಕ್ಷೆಯನ್ನು ಡೈಯ ಹೆದರಿಕೆಯಿಂದ ಬಿಡುವುದು ತಪ್ಪೆಂದೂ ಇದರಿಂದ ತಿಳಿಯಿತು.

ಈ ತೀರ್ಮಾನಗಳನ್ನು ನಾನು ಒಪ್ಪುತ್ತೇನೆ. ಆದರೆ ಅವು ಯಾರನ್ನು ನೋಡಿ ಬಂದವು ಎಂಬುದನ್ನು ಮರೆಯಬಾರದು. ಅಲ್ಲಿನ ರೋಗಿ ವಾರ್ಡಿನಲ್ಲಿದ್ದ, ಅವನ ಎರಡನೆಯ ರಕ್ತಪರೀಕ್ಷೆ ಎರಡನೆಯ ದಿನ ಆಯಿತು. ಕಲಘಟಗಿಯ ಕಾಡಂಚಿನ ಹಳ್ಳಿಯಿಂದ ಬಂದು ಸಂಜೆ ಬಸ್ಸಿಗೆ ಹೊರಟವನ ಎರಡನೆಯ ಪರೀಕ್ಷೆ ಆಗುವುದೇ ಇಲ್ಲ. ಎರಡು ಸಲ ಅಳೆದವರಷ್ಟೇ ಲೆಕ್ಕಕ್ಕೆ ಸಿಗುವ ಅಧ್ಯಯನದಲ್ಲಿ ಅವನು ಇರುವುದಿಲ್ಲ. ಮೂತ್ರ ಕಡಿಮೆಯಾಗಿ, ಮುಖ ಬಾತು, ವಾರದ ಮೇಲೆ ಬೇರೊಂದು ದವಾಖಾನೆಗೆ ಹೋದರೆ ಅಲ್ಲಿ ಅದು ಹೊಸ ರೋಗ.

‘ಖಾಲಿ ಹೊಟ್ಟಿಲೆ ಬರ್ರಿ’

ಸ್ಕ್ಯಾನಿಂಗಿಗೆ ತಾರೀಕು ಕೊಡುವಾಗ ಹೇಳುವ ಮಾತು ಇದು. ಹಳೆಯ ಡೈಗಳು ಬಹಳ ಮಂದಿಗೆ ವಾಂತಿ ತರುತ್ತಿದ್ದವು, ವಾಂತಿ ಶ್ವಾಸನಾಳಕ್ಕೆ ಹೋದೀತೆಂದು ಉಪವಾಸದ ನಿಯಮ ಬಂತು. ಹೊಸ ಡೈಗಳಿಗೆ ಅದರ ಅಗತ್ಯವಿಲ್ಲವೆಂದು ಯುರೋಪಿನ ವಿಕಿರಣತಜ್ಞರ ಮಾರ್ಗಸೂಚಿ ಹೇಳುತ್ತದೆ. ಅರಿವಳಿಕೆ ಕೊಡುವುದಿದ್ದರೆ, ಹೊಟ್ಟೆಯ ಕೆಲವು ಪರೀಕ್ಷೆಗಳಿದ್ದರೆ ಬೇರೆ ಮಾತು, ಆಯಾ ಆಸ್ಪತ್ರೆ ಹೇಳಿದಂತೆ ನಡೆಯಬೇಕು. ಆದರೆ ಖಾಲಿ ಹೊಟ್ಟೆ ಎಂದರೆ ನೀರೂ ಬೇಡವೇ? ನಗರದವನು ಹಾಗೆ ಕೇಳಿ ತಿಳಿದುಕೊಳ್ಳುತ್ತಾನೆ. ಹಳ್ಳಿಯವನಿಗೆ ಉಪವಾಸ ಎಂದರೆ ಏಕಾದಶಿಯದೋ ರೋಜಾದ್ದೋ ಕಟ್ಟುನಿಟ್ಟು. ಹನಿ ನೀರೂ ಬಾಯಿಗೆ ಹಾಕದೆ ನಸುಕಿನಲ್ಲಿ ಎದ್ದು ಬಸ್ಸು ಹತ್ತುತ್ತಾನೆ. ಅಣ್ಣಿಗೇರಿಯಿಂದಾದರೆ ರೈಲೂ ಇದೆ, ನವಲಗುಂದದಿಂದ ಬಸ್ಸೇ ಗತಿ. ಎರೆಹೊಲದ ಬೇಸಿಗೆ. ಸರದಿ ಬರುವುದು ಮಧ್ಯಾಹ್ನ. ಹೆಂಗಸರು ದಾರಿಯಲ್ಲಿ ಮೂತ್ರಕ್ಕೆ ಜಾಗ ಸಿಗದೆಂದು ಹಿಂದಿನ ರಾತ್ರಿಯಿಂದಲೇ ನೀರು ಬಿಟ್ಟಿರುತ್ತಾರೆ. ಸಂಶೋಧನೆಯಲ್ಲಿ ಎಲ್ಲರೂ ಒಪ್ಪುವ ಒಂದೇ ರಕ್ಷಣೆ ಮೈಯಲ್ಲಿ ನೀರಿರಬೇಕು ಎಂಬುದು. ಅದೊಂದನ್ನು ಕಳೆದುಕೊಂಡೇ ಅವರು ಮೇಜು ಹತ್ತುತ್ತಾರೆ. ತಾರೀಕಿನ ಚೀಟಿಯ ಮೇಲೆ ‘ನೀರು ಕುಡಿಯಬಹುದು’ ಎಂಬ ಎರಡು ಪದ ಕನ್ನಡದಲ್ಲಿ ಬರೆದರೆ ಇದು ಬದಲಾಗುತ್ತದೆ.

ಕ್ರಿಯಾಟಿನಿನ್ ಅಂಕಿಯೂ ಒಮ್ಮೊಮ್ಮೆ ಮೋಸ ಮಾಡುತ್ತದೆ. ಅದು ಸ್ನಾಯುವಿನಿಂದ ಬರುವ ವಸ್ತು, ಸ್ನಾಯು ಕಡಿಮೆಯಿದ್ದವರಲ್ಲಿ ಮೂತ್ರಪಿಂಡ ಸೋತಿದ್ದರೂ ಅಂಕಿ ಸಣ್ಣದಾಗಿಯೇ ಕಾಣುತ್ತದೆ. 1.2 ಎಂದು ವರದಿ ಬಂತೆನ್ನಿ. 2021ರ ಸಿ.ಕೆ.ಡಿ.-ಎಪಿ ಸೂತ್ರದಲ್ಲಿ ಹಾಕಿದರೆ 30 ವರ್ಷದ ಗಂಡಸಿಗೆ ಸೋಸುವ ಶಕ್ತಿ 83ರ ಸುತ್ತ, 70 ವರ್ಷದ ಹೆಂಗಸಿಗೆ 49ರ ಸುತ್ತ. ಒಂದೇ ಅಂಕಿ, ಎರಡು ಕಥೆ. ಸಪೂರ ಅಜ್ಜಿಯ ವರದಿಯಲ್ಲಿ ‘ನಾರ್ಮಲ್’ ಎಂದು ಬರೆದಿದ್ದರೂ ವಯಸ್ಸು ಸೇರಿಸಿ ಲೆಕ್ಕ ಹಾಕಲೇಬೇಕು. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಿಗೂ ಈ ಲೆಕ್ಕ ಮುಖ್ಯ. ಸೋಸುವ ಶಕ್ತಿ 30ರ ಕೆಳಗಿದ್ದರೆ ಡೈ ಕೊಟ್ಟ ಮೇಲೆ 48 ಗಂಟೆ ಗುಳಿಗೆ ನಿಲ್ಲಿಸಿ, ಮೂತ್ರಪಿಂಡದ ಸ್ಥಿತಿ ನೋಡಿ ಮತ್ತೆ ಶುರುಮಾಡುತ್ತಾರೆ. ಔಷಧ ಮೈಯಲ್ಲಿ ಉಳಿದು ರಕ್ತ ಆಮ್ಲವಾಗುವ ಅಪಾಯ ತಪ್ಪಿಸಲು ಹೀಗೆ.

ಹೊಲದಲ್ಲಿ ಹಾವು ಕಚ್ಚಿ ಬಂದವರದ್ದು ಇನ್ನೊಂದು ಬಗೆ. ಕೊಳಕುಮಂಡಲದ ವಿಷ ರಕ್ತ ಹೆಪ್ಪುಗಟ್ಟಿಸುವ ಅಂಶಗಳನ್ನೆಲ್ಲ ಖರ್ಚು ಮಾಡಿ ರಕ್ತವನ್ನು ನೀರಾಗಿಸುತ್ತದೆ, ಮೂತ್ರಪಿಂಡವನ್ನೂ ಕೆಡಿಸುತ್ತದೆ. ಇದನ್ನು ತಿಳಿಯಲು ಚಿತ್ರಣ ಬೇಕಿಲ್ಲ. ಒಣಗಿದ ಶುಭ್ರ ಗಾಜಿನ ನಳಿಕೆಯಲ್ಲಿ ಎರಡು ಮಿಲಿಲೀಟರ್ ರಕ್ತ ಹಾಕಿ, ಅಲ್ಲಾಡಿಸದೆ 20 ನಿಮಿಷ ಇಟ್ಟು, ಒಮ್ಮೆ ಓರೆ ಮಾಡಿದರೆ ಸಾಕು. ಹರಿದರೆ ವಿಷ ಏರಿದೆ. ಯಾವ ತಾಲ್ಲೂಕು ಆಸ್ಪತ್ರೆಯಲ್ಲೂ, ಕರೆಂಟಿಲ್ಲದ ರಾತ್ರಿಯಲ್ಲೂ ಮಾಡಬಹುದಾದ ಪರೀಕ್ಷೆ. ಇಂಥವರಿಗೆ ಮಿದುಳಿನಲ್ಲಿ ರಕ್ತಸ್ರಾವದ ಅನುಮಾನ ಬಂದರೆ ಡೈ ಇಲ್ಲದ ಸಾದಾ ಸಿ.ಟಿ.ಯೇ ಅದನ್ನು ತೋರಿಸುತ್ತದೆ. ಸೋತ ಮೂತ್ರಪಿಂಡಕ್ಕೆ ಡೈಯ ಹೊರೆ ಹೊರಿಸುವ ಮುಂಚೆ ಇದನ್ನು ನೆನೆಯಬೇಕು. ಹಾವು ಕಡಿತವನ್ನು ಕರ್ನಾಟಕ ಸರ್ಕಾರ 2024ರಲ್ಲಿ ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿದೆ.

ಗ್ಯಾಡೋಲಿನಿಯಂ

ಎಂ.ಆರ್.ಐ.ಗೆ ಬಳಸುವ ಡೈ ಬೇರೆ, ಅದರಲ್ಲಿ ಗ್ಯಾಡೋಲಿನಿಯಂ ಲೋಹವಿದೆ. 1988ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದಾಗ ಇದು ಮೂತ್ರಪಿಂಡಕ್ಕೆ ಸುರಕ್ಷಿತವೆಂದೇ ಹೆಸರಾಗಿತ್ತು. ಮೂತ್ರಪಿಂಡ ಸೋತವರಿಗೆ ಇದನ್ನೇ ಆರಿಸುತ್ತಿದ್ದರು. 1997ರಿಂದ ಕ್ಯಾಲಿಫೋರ್ನಿಯಾದ ಡಯಾಲಿಸಿಸ್ ರೋಗಿಗಳಲ್ಲಿ ಚರ್ಮ ಮರದಂತೆ ಗಟ್ಟಿಯಾಗಿ ಕೀಲು ಬಗ್ಗದಂತಾಗುವ ಹೊಸ ರೋಗ ಕಂಡಿತು. ಅದರ ಬೆನ್ನಿಗೆ ಗ್ಯಾಡೋಲಿನಿಯಂ ಇದೆಯೆಂದು ಆಸ್ಟ್ರಿಯಾದ ಗ್ರೋಬ್ನರ್ 2006ರಲ್ಲಿ ಗುರುತಿಸಿದರು. ಲೋಹವನ್ನು ಸಡಿಲವಾಗಿ ಹಿಡಿದ ಸರಪಣಿ ರಚನೆಯ ಡೈಗಳಲ್ಲಿ ಈ ತೊಂದರೆ ಹೆಚ್ಚು, ಬುಟ್ಟಿಯಂತೆ ಸುತ್ತುಗಟ್ಟಿದ ರಚನೆಯವುಗಳಲ್ಲಿ ತೀರ ವಿರಳ. 2014ರಲ್ಲಿ ಜಪಾನಿನ ಕಾಂಡ ಮತ್ತು ಸಂಗಡಿಗರು ಪದೇ ಪದೇ ಡೈ ಪಡೆದವರ ಮಿದುಳಿನಲ್ಲಿ ಲೋಹ ಉಳಿದ ಕುರುಹು ತೋರಿಸಿದ ಮೇಲೆ ಯುರೋಪು 2017ರಲ್ಲಿ ಸರಪಣಿ ಜಾತಿಯ ಹಲವನ್ನು ನಿಲ್ಲಿಸಿತು. ಗರ್ಭಿಣಿಯರಿಗೆ ತೀರ ಅನಿವಾರ್ಯವಲ್ಲದೆ ಈ ಡೈ ಕೊಡುವುದಿಲ್ಲ.

ಬಾಣಂತಿಯರ ವಿಷಯದಲ್ಲಿ ಅನಗತ್ಯ ಭಯವಿದೆ. ಎರಡೂ ಬಗೆಯ ಡೈ ಎದೆಹಾಲಿಗೆ ಇಳಿಯುವುದು ನೂರರಲ್ಲಿ ಒಂದು ಪಾಲಿಗಿಂತ ಕಡಿಮೆ, ಅದರಲ್ಲೂ ಕೂಸಿನ ಕರುಳು ಹೀರುವುದು ಅತ್ಯಲ್ಪ. ಹಾಲು ಹಿಂಡಿ ಚೆಲ್ಲಿ, ಕೂಸಿಗೆ ಡಬ್ಬಿ ಹಾಲು ಹಾಕುವ ಅವಶ್ಯಕತೆಯಿಲ್ಲ.

ಲೆಕ್ಕ ಮತ್ತು ಚೀಟಿ

ಔಷಧದ ಅಡ್ಡಪರಿಣಾಮಗಳನ್ನು ಕೂಡಿಹಾಕಲು ಭಾರತದಲ್ಲಿ 2010ರಿಂದ ಫಾರ್ಮಕೋವಿಜಿಲೆನ್ಸ್ ಕಾರ್ಯಕ್ರಮವಿದೆ. 2011ರಿಂದ ಅದನ್ನು ಗಾಜಿಯಾಬಾದಿನ ಭಾರತೀಯ ಫಾರ್ಮಕೋಪಿಯ ಆಯೋಗ ನಡೆಸುತ್ತಿದೆ. ವೈದ್ಯರಷ್ಟೇ ಅಲ್ಲ, ರೋಗಿಯ ಮನೆಯವರೂ 1800-180-3024 ಸಂಖ್ಯೆಗೆ ಶುಲ್ಕವಿಲ್ಲದೆ ಕರೆ ಮಾಡಿ ತಿಳಿಸಬಹುದು. ಡೈಯಿಂದಾದ ದದ್ದೂ ಇದರ ವ್ಯಾಪ್ತಿಗೆ ಬರುತ್ತದೆ. ಊರಿಗೆ ಹೋದ ಮೇಲೆ ಕಾಣಿಸಿದ ತೊಂದರೆ ಲೆಕ್ಕಕ್ಕೆ ಬರಲು ಸದ್ಯಕ್ಕೆ ಇರುವ ನೇರ ದಾರಿ ಇದು. ಮೂತ್ರಪಿಂಡದ ಅಪಾಯವಿರುವವರ ಮೂರನೆಯ ದಿನದ ಕ್ರಿಯಾಟಿನಿನ್ ಪರೀಕ್ಷೆಗೆ ಹುಬ್ಬಳ್ಳಿಗೆ ಮತ್ತೆ ಹೋಗಬೇಕಿಲ್ಲ. ಅದು ಎರಡು ಮಿಲಿಲೀಟರ್ ರಕ್ತದ ಸಾಮಾನ್ಯ ಪರೀಕ್ಷೆ. ತಾಲ್ಲೂಕಿನಲ್ಲೇ ಮಾಡಿಸಿ ಅಂಕಿಯನ್ನು ಫೋನಿನಲ್ಲಿ ಕಳಿಸುವ ಏರ್ಪಾಡಾದರೆ ಈ ನಾಲ್ಕು ತಾಲ್ಲೂಕುಗಳಿಂದಲೇ ಒಂದು ಹೊಸ ಅಧ್ಯಯನ ಹುಟ್ಟೀತು. ಎಲ್ಲಿಯೂ ಎಣಿಕೆಗೆ ಸಿಗದವರ ಎಣಿಕೆ ಅದು.

ಡೈ ಆಗಿಬಾರದವರು ಇನ್ನೊಮ್ಮೆ ಚಿತ್ರ ತೆಗೆಸುವಾಗ ಬೇರೊಂದು ಡೈ ಆರಿಸಿದರೆ ಮತ್ತೆ ತೊಂದರೆಯಾಗುವ ಸಂಭವ ತಗ್ಗುತ್ತದೆ. ಅದಕ್ಕೆ ಮೊದಲ ಸಲ ಕೊಟ್ಟದ್ದು ಯಾವುದೆಂದು ಗೊತ್ತಿರಬೇಕು. ನಮ್ಮ ಹಳ್ಳಿಮನೆಗಳಲ್ಲಿ ಸ್ಕ್ಯಾನಿಂಗಿನ ದೊಡ್ಡ ಕವರು ಟ್ರಂಕಿನ ತಳದಲ್ಲಿ, ಪಹಣಿ ಪತ್ರ, ರೇಷನ್ ಕಾರ್ಡಿನ ಜೊತೆ ವರ್ಷಗಟ್ಟಲೆ ಜೋಪಾನವಾಗಿರುತ್ತದೆ. ಡೈಯ ಹೆಸರು, ಕೊಟ್ಟ ಮಿಲಿಲೀಟರ್, ತಾರೀಕು, ಅಂದು ಏನಾಯಿತು ಎಂಬುದನ್ನು ಬರೆಯಲು ತಕ್ಕ ಜಾಗ ಆ ಕವರಿನ ಮೇಲ್ಭಾಗದ ಮೂಲೆ.